ಗಂಟೆಗೆ ಎದ್ದು ಓಡಿದ ಕಾಕಾ

ಮೊನ್ನೆ ನಮ್ಮ ಶಾಲೆಯ ಹಿತ್ತಾಳೆ ಗಂಟೆಗೆ ಜವಾನ ಪಾಲಿಷ್ ಹಚ್ಚಿ ತಿಕ್ಕುತ್ತಿದ್ದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಹಗರಿಬೊಮ್ಮನಹಳ್ಳಿಯ ನಮ್ಮ ಓಣಿ, ಪಕ್ಕದ ಮನೆಯ ಕಟ್ಟೆ, ಅಲ್ಲಿ ಕೂತು ಬೆಲ್ಟಿನ ಹಿತ್ತಾಳೆ ಬಿಲ್ಲೆಯನ್ನು ಮುಖ ಕಾಣುವಷ್ಟು ಉಜ್ಜುತ್ತಿದ್ದ ಕಾಕಾ... ಆಮೇಲೆ ಪಾಠ ಮಾಡಲು ಮನಸ್ಸಾಗಲಿಲ್ಲ.

ಕಾಕಾ ಅಗ್ನಿಶಾಮಕ ಠಾಣೆಯಲ್ಲಿ ಫೈರ್‌ಮನ್ ಆಗಿದ್ದರು. ರಕ್ತಸಂಬಂಧಿಯಲ್ಲ, ಆದರೆ ನನ್ನನ್ನು ಎತ್ತಿ ಆಡಿಸಿದವರು. ಏಳನೇ ತರಗತಿಗೇ ಶಾಲೆ ಬಿಟ್ಟಿದ್ದ ಅವರಿಗೆ ಲೀಡಿಂಗ್ ಫೈರ್‌ಮನ್ ಆಗುವ ಆಸೆ. ಆ ಬಡ್ತಿ ಬೇಕಾದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಅದು ನಿಯಮ ಎನ್ನುತ್ತಿದ್ದರು. ಅವರ ನಂತರ ನೌಕರಿಗೆ ಸೇರಿದ ಹುಡುಗರು ಆಗಲೇ ಮೇಲೇರಿ, ಇವರಿಂದ ಸೆಲ್ಯೂಟ್ ಹೊಡೆಸಿಕೊಳ್ಳುತ್ತಿದ್ದರು.

ಆ ವರ್ಷ ನಾನೂ ಎಸ್ಸೆಸ್ಸೆಲ್ಸಿ. ಕಾಕಾ ಡ್ಯೂಟಿ ಮುಗಿಸಿ ಬಂದು ನನ್ನ ಮುಂದೆ ಸ್ಲೇಟು ಹಿಡಿದು ಕೂಡುತ್ತಿದ್ದರು. ಬೀಜಗಣಿತ ತಲೆಗೆ ಹತ್ತದಿದ್ದರೆ, "ಟೀಚರಮ್ಮ, ಸಿಟ್ಟಾಗಬ್ಯಾಡ, ಇನ್ನೊಂದ್ಸಲ ಹೇಳು" ಎನ್ನುತ್ತಿದ್ದರು. ಗುರುವಿನ ಜಡೆಗಿಂತ ಶಿಷ್ಯನ ಮೀಸೆಯೇ ಉದ್ದ ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದರು. ನನಗೋ ಒಳಗೊಳಗೇ ಹೆಮ್ಮೆ; ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಗಣಿತ ಪರೀಕ್ಷೆಯ ದಿನ, ಖಾಸಗಿಯಾಗಿ ಕಟ್ಟಿದ್ದ ಕಾಕಾ ನನ್ನದೇ ಕೋಣೆಯಲ್ಲಿದ್ದರು. ತಲೆ ತಗ್ಗಿಸಿ ಬರೆಯುತ್ತಿದ್ದರು. ಇನ್ನು ಅರ್ಧ ತಾಸು ಇದೆ ಎಂದು ಎಚ್ಚರಿಸಲು ಜವಾನ ಗಂಟೆಯನ್ನು ಬಿಡದೆ ಬಾರಿಸಿದ. ಠಾಣೆಯಲ್ಲಿ ಹಾಗೆ ಬಿಡದೆ ಬಾರಿಸಿದರೆ ಎಲ್ಲೋ ಬೆಂಕಿ ಬಿದ್ದಿದೆ ಎಂದರ್ಥ. ಉಣ್ಣುತ್ತಿದ್ದರೂ ಕೈ ತೊಳೆಯದೆ ಗಾಡಿಗೆ ಓಡಬೇಕು. ಕಾಕಾ ಪೆನ್ನು ಬಿಸಾಕಿ ಓಡಿಯೇಬಿಟ್ಟರು. ಅಂಗಳದ ಬೇವಿನ ಮರದ ಕೆಳಗೆ ನಿಂತು ಕೆಂಪು ಗಾಡಿಗಾಗಿ ಅತ್ತಿತ್ತ ನೋಡಿದರು. ಆಮೇಲೆ ಅವರಿಗೇ ತಿಳಿಯಿತು.

ಕೋಣೆಯೆಲ್ಲ ನಗು. ಮೇಷ್ಟ್ರು ಒಳ್ಳೆಯವರು, ಬಾಗಿಲಿಗೆ ಹೋಗಿ "ಬರ್ರಿ, ಇನ್ನೂ ಟೈಮ್ ಐತಿ" ಎಂದು ಕರೆದರು. "ನಿನ್ನ ಶಿಷ್ಯನ್ನ ನೋಡೇ" ಎಂದು ಹಿಂದಿನ ಬೆಂಚಿನವಳು ನನ್ನನ್ನು ತಿವಿದಳು. ಕಾಕಾ ಅಂಗಳದಿಂದ ಕಿಟಕಿಯೊಳಗೆ ನನ್ನ ಕಡೆಗೇ ನೋಡುತ್ತಿದ್ದರು. ನನಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಉತ್ತರಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ಇಳಿಸಿದಾಗ ಅವರು ಗೇಟು ದಾಟುತ್ತಿದ್ದರು...

ಸಂಜೆ ಅಪ್ಪನ ಮುಂದೆ ಅವರು ಆಡಿದ ಮಾತು ಬಾಗಿಲ ಹಿಂದಿದ್ದ ನನಗೆ ಕೇಳಿಸಿತು.

"ನನ್ನ ಮರ್ಯಾದಿ ಹೋಗ್ಲಿ ಬಿಡ್ರಿ ಅಣ್ಣಾರ. ಆ ಹುಡುಗಿ ಮುಖ ಮುಚ್ಚಿಕೊಳ್ಳೋ ಹಂಗ ಮಾಡಿದ್ನಲ್ಲ."

ಗಣಿತದಲ್ಲಿ ಫೇಲಾದರು. ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಫೈರ್‌ಮನ್ ಆಗಿಯೇ ನಿವೃತ್ತರಾದರು. ನನ್ನನ್ನು ಟೀಚರಮ್ಮ ಎಂದು ಕರೆಯುವುದನ್ನು ಮಾತ್ರ ಬಿಡಲಿಲ್ಲ, ನಾನು ನಿಜವಾಗಿ ಟೀಚರಾದ ಮೇಲೂ. ಕರೆದಾಗೆಲ್ಲ ನಾಚಿಕೆಯಿಂದ ಮೈ ಹಿಡಿಯಷ್ಟಾಗುತ್ತಿತ್ತು. ಆ ದಿನದ ಮಾತು ತೆಗೆಯಬೇಕೆಂದು ಹೋಗಿ, ಬರೀ ಚಹಾ ಕುಡಿದು ಬಂದದ್ದೇ ಹೆಚ್ಚು.

ಈಗ ಕಾಕಾ ಇಲ್ಲ. ಪರೀಕ್ಷೆಯ ಡ್ಯೂಟಿಯಲ್ಲಿದ್ದಾಗ ಎಚ್ಚರಿಕೆಯ ಗಂಟೆ ಬಾರಿಸಿದರೆ ನಾನು ಬಾಗಿಲಿಗೆ ಬಂದು ನಿಲ್ಲುತ್ತೇನೆ. ಅಂಗಳದಲ್ಲಿ ಯಾರೂ ಇರುವುದಿಲ್ಲ. ಅಂದು ಮೇಷ್ಟ್ರು ಕರೆದರೂ ಅವರು ಒಳಗೆ ಬರಲಿಲ್ಲ. ನಾನೊಮ್ಮೆ ತಲೆಯೆತ್ತಿ ನೋಡಿದ್ದರೆ ಬರುತ್ತಿದ್ದರು.