ಅನಾಕ್ಲೆತೋ ಹಾಕಿದ ಕೂಗು

ಆ ಕಾಲದಲ್ಲಿ ತಾಂಪಿಕೋ ರೈಲು ಲೈನಿನ ಪ್ರತಿಯೊಬ್ಬ ಡ್ರೈವರನಿಗೂ ತನ್ನದೇ ಒಂದು ಕೂಗು ಇತ್ತು. ಎಂಜಿನ್ನಿನ ಸೀಟಿ ಎಳೆದವನು ಯಾರೆಂದು ಹೆಂಗಸರು ಹಿತ್ತಿಲಲ್ಲಿ ಕೂತೇ ಹೇಳುತ್ತಿದ್ದರು. ಅನಾಕ್ಲೆತೋನದು ಎರಡು ಗಿಡ್ಡ, ಒಂದು ಉದ್ದ, ಕೊನೆಗೊಂದು ಬಳುಕು. ಅದು ಕೇಳಿದ್ದೇ ಅವನ ಹೆಂಡತಿ ಎರ್ಮಿಲಾ ಕಾವಲಿಯನ್ನು ಒಲೆಗಿಡುತ್ತಿದ್ದಳು. ಆ ಬಳುಕಿನ ಬಗ್ಗೆ ಆಸಾಮಿಗೆ ಜಂಬವೂ ಇತ್ತು.

ಕ್ರಾಂತಿ ಶುರುವಾದ ಮೇಲೆ ದಂಗೆಕೋರರು ಸೈನ್ಯದ ರೈಲುಗಳನ್ನು ಮದ್ದಿಟ್ಟು ಹಾರಿಸತೊಡಗಿದರು. ಕಚ್ಚಾ ಎಣ್ಣೆಯ ರೈಲನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಎಣ್ಣೆ ಅಮೆರಿಕದ ಕಂಪನಿಯದು. ಕಂಪನಿ ಸರ್ಕಾರದ ಕೈಯನ್ನೂ ಬಿಸಿ ಮಾಡುತ್ತಿತ್ತು, ದಂಗೆಕೋರರಿಗೂ ಬಂದೂಕು ತರಿಸಿಕೊಡುತ್ತಿತ್ತು. ನಾವು ನಾವೇ ಹೊಡೆದಾಡಿ ಸಾಯಬಹುದು, ಅವರ ಎಣ್ಣೆ ಮಾತ್ರ ಒಂದು ಹನಿಯೂ ಚೆಲ್ಲಬಾರದು!

ದಂಗೆಕೋರರ ಪರವಾಗಿ, ಕಣಿವೆಯ ಮೇಲೆಯೇ ಮನೆ ಮಾಡಿಕೊಂಡು ಅದನ್ನು ಕಾಯುತ್ತಿದ್ದವನು ಇಲಾರಿಯೋ, ಅನಾಕ್ಲೆತೋನ ಕೊಂಪಾದ್ರೆ. ಇಲಾರಿಯೋನ ಮಗಳು ಒತೀಲಿಯಾಳಿಗೆ ಇಗರ್ಜಿಯಲ್ಲಿ ಹೆಸರಿಟ್ಟಾಗ ಕೂಸನ್ನು ಎತ್ತಿಕೊಂಡಿದ್ದವನು ಅನಾಕ್ಲೆತೋ. ಅಂದಿನಿಂದ ಗೆಳೆಯರಿಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ, ದೇವರ ಮುಂದೆ ಆದ ಬಂಧು; ಏಕವಚನ ಬಿಟ್ಟು ನೀವು ಎನ್ನತೊಡಗಿದ್ದರು. ಒಡಹುಟ್ಟಿದವರಿಗೆ ಮೋಸ ಮಾಡಿದವನನ್ನಾದರೂ ಊರು ಕ್ಷಮಿಸೀತು, ಕೊಂಪಾದ್ರೆಗೆ ಮಾಡಿದವನನ್ನಲ್ಲ. ಅವರಲ್ಲೊಂದು ಒಪ್ಪಂದವಿತ್ತು. ಕಣಿವೆಯ ಬಾಯಲ್ಲಿ ಅನಾಕ್ಲೆತೋನ ಕೂಗು ಕೇಳಿದರೆ ಬರುವುದು ಎಣ್ಣೆಯ ರೈಲು. ಇಲಾರಿಯೋ ಹಳಿಯ ಹತ್ತಿರ ಇಳಿದು ಬಂದು ಇವನು ಎಸೆದ ಹೊಗೆಸೊಪ್ಪು ಹಿಡಿದುಕೊಳ್ಳುತ್ತಿದ್ದ. ಕೂಗು ಕೇಳದಿದ್ದರೆ ಮದ್ದಿಗೆ ಬೆಂಕಿ.

ಇಷ್ಟನ್ನು ಅನಾಕ್ಲೆತೋ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರೆ ಸಾಕಿತ್ತು. ಹೆಂಡದಂಗಡಿಯಲ್ಲಿ ಕೂತು, ತನ್ನ ಕೂಗಿಗೆ ಕಣಿವೆಯೇ ದಾರಿ ಬಿಡುತ್ತದೆ ಎಂದು ಕೊಚ್ಚಿಕೊಂಡ. ಮಾತು ಸರ್ಕಾರಿ ಸೈನ್ಯದ ಕಿವಿಗೆ ಬಿತ್ತು; ಮರುದಿನ ಬೆಳಿಗ್ಗೆಯೇ ಅದರ ಕ್ಯಾಪ್ಟನ್ ಬರ್ರಗಾನ್ ರೈಲಿನ ಖಾಲಿ ಎಣ್ಣೆ ಟ್ಯಾಂಕರುಗಳಲ್ಲಿ ಸೈನಿಕರನ್ನು ತುಂಬಿಸಿ, ತಾನು ಎಂಜಿನ್ ಹತ್ತಿದ.

"ನಿಮ್ಮ ಕೂಗು ಊರಿಗೆಲ್ಲಾ ಇಷ್ಟವಂತೆ. ನಂಗೂ ಒಂದ್ಸಲ ಕೇಳಿಸಿ, ಯಜಮಾನ್ರೇ."

"ಇವತ್ತು ಹಬೆ ಸಾಲ್ದು, ಸ್ವಾಮಿ."

"ಸಾಲ್ದಿದ್ರೆ ಎಲ್ಲಾ ಒಟ್ಟಿಗೇ ಮೇಲಕ್ಕೆ ಹೋಗೋಣ. ನಂಗೇನು, ಹಿಂದಿಲ್ಲ ಮುಂದಿಲ್ಲ. ಈ ಪುಣ್ಯಾತ್ಮನಿಗೆ?"

ಬೆಂಕಿ ಹಾಕುವ ಫಿದೆನ್ಸಿಯೋ ಸಲಿಕೆ ಕೆಳಗಿಟ್ಟ. "ಐದು ಮಕ್ಳು, ಅಣ್ಣಾ," ಎಂದ.

ಕಣಿವೆ ಹತ್ತಿರವಾಯಿತು. ಕೂಗಿದರೆ ಇಲಾರಿಯೋ ಸಾಯುತ್ತಾನೆ, ಕೂಗದಿದ್ದರೆ ತಾವೆಲ್ಲ ಸಾಯಬೇಕು. ಫಿದೆನ್ಸಿಯೋನ ಮಕ್ಕಳಿಗಾಗಿ ಎಳೆದೆ ಎಂದು ಅನಾಕ್ಲೆತೋ ಆಮೇಲೆ ಎಷ್ಟೋ ವರ್ಷ ತನಗೆ ತಾನೇ ಹೇಳಿಕೊಂಡ. ನಿಜವೆಂದರೆ ಅವನಿಗೆ ಜೀವದ ಭಯ. ಹಗ್ಗ ಎಳೆದ. ಕೈಗೆ ಅಭ್ಯಾಸವಾಗಿದ್ದ ಬಳುಕೂ ಬಂತು. ಇಲಾರಿಯೋ ಟೋಪಿ ಬೀಸುತ್ತ ಇಳಿದು ಬಂದ, ಟ್ಯಾಂಕರುಗಳ ಮುಚ್ಚಳಗಳು ತೆರೆದುಕೊಂಡವು.

ಸತ್ತವನಿಗಾಗಿ ಒಂಬತ್ತು ದಿನದ ಜಪ ಮುಗಿದ ಮೇಲೆ ಇಲಾರಿಯೋನ ಹೆಂಡತಿ ತೋಮಾಸಾ, ಏಳು ವರ್ಷದ ಒತೀಲಿಯಾಳನ್ನು ಕರೆದುಕೊಂಡು ಅನಾಕ್ಲೆತೋನ ಮನೆಗೆ ಬಂದಳು. ಆ ಕೂಗನ್ನು ತೋಮಾಸಾಳೂ ಕೇಳಿದ್ದಳು, ಎಲ್ಲವೂ ಗೊತ್ತಿತ್ತು. ಆದರೆ ಅಪ್ಪ ಸತ್ತ ಮಗುವನ್ನು ಸಾಕಬೇಕಾದವನು, ಹೆಸರಿಟ್ಟ ದಿನ ಎತ್ತಿಕೊಂಡವನೇ.

"ಕೊಂಪಾದ್ರೆ, ಇವ್ಳಿಗೆ ಇನ್ಮೇಲೆ ನೀವೇ ಅಪ್ಪ," ಎಂದಳು, ಗೋಡೆ ನೋಡುತ್ತ. "ದೇವ್ರ ಮುಂದೆ ಒಪ್ಕೊಂಡಿದ್ದೀರಿ."

ಎರ್ಮಿಲಾ ಮಗುವಿಗೆ ತಟ್ಟೆ ಇಟ್ಟಳು. ಒತೀಲಿಯಾ ರೊಟ್ಟಿ ಮುರಿಯದೆ ಅವನನ್ನೇ ನೋಡಿದಳು.

"ಅವತ್ತು ಅಪ್ಪಂಗೆ ಜ್ವರ. ಹೋಗ್ಬೇಡ ಅಂದೆ. 'ನನ್ನ ಕೊಂಪಾದ್ರೆ ಕರೀತಿದಾರೆ ಕಣೇ' ಅಂತ ಓಡ್ದ. ನಿಮ್ಗೆ ಸಿಕ್ಕಿದ್ನಾ?"

"ಸಿಕ್ಕಿದ್ರು, ಮಗಳೇ," ಎಂದ ಅನಾಕ್ಲೆತೋ.