ಬಾಗಿಲು ಮುಚ್ಚಿ ಗುಡಿಸಿದ ಮನೆ

ಬೀದರಿಗೆ ಬಂದ ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ದಿಂಬಿನ ಮೇಲೆ ನನ್ನ ತಲೆಯಷ್ಟು ಅಗಲದ ಬಿಳಿ ಜಾಗ ಮಾತ್ರ ಉಳಿದಿತ್ತು. ಸುತ್ತ ದಿಂಬೆಲ್ಲ ನಸುಗೆಂಪು. ಕುಂದಾಪುರದ ರೂಢಿಯಂತೆ ಕಿಟಕಿ ತೆರೆದಿಟ್ಟು ಮಲಗಿದ್ದೆವು. ಹೆಂಡತಿ ಸುಮನಾ ಎದ್ದು ಮೂಗು ಒರೆಸಿಕೊಂಡಳು. ಕರ್ಚೀಫಿನ ಮೇಲೂ ಕೆಂಪು. ರಕ್ತವೆಂದು ಇಬ್ಬರೂ ಹೆದರಿದೆವು. ಅದು ಮಣ್ಣು.

ಊರಿನಲ್ಲಿರುವ ನಿಮಗೆ ಇದನ್ನು ಹೇಗೆ ತಿಳಿಸಲಿ? ಮಣ್ಣೇನೋ ನಮ್ಮದರಂಥದ್ದೇ, ಕೆಂಪು ಕಲ್ಲು ಸವೆದು ಆದದ್ದು. ನಮ್ಮಲ್ಲಿ ಅದು ಕಾಲಿಗೆ ಅಂಟುತ್ತದೆ, ಇಲ್ಲಿ ಹಾರುತ್ತದೆ. ನಾವು ಜೀವಮಾನವಿಡೀ ಬೂಷ್ಟಿನ ಜೊತೆ ಜಗಳವಾಡಿದವರು. ಮಳೆಗಾಲದಲ್ಲಿ ಕಪಾಟಿನ ಬೆಲ್ಟು, ಚಪ್ಪಲಿ, ಮದುವೆಯ ಆಲ್ಬಮ್ಮು ಎಲ್ಲದಕ್ಕೂ ಹಸಿರು ಕೂದಲು ಬೆಳೆಯುತ್ತದೆ, ಬಟ್ಟೆ ವಾರವಾದರೂ ಒಣಗುವುದಿಲ್ಲ. ಇಲ್ಲಿ ಹಗ್ಗದ ಮೇಲೆ ಹಾಕಿದ ಅಂಗಿ ನಾನು ಚಹಾ ಕುಡಿದು ಬರುವಷ್ಟರಲ್ಲಿ ಒಣಗಿರುತ್ತದೆ. ಆದರೆ ಕೊಡವಿದರೆ ಸೀನು. ಸುಮನಾ ದಿನಾ ಬಸ್ಸು ಹಿಡಿದು ಭಾಲ್ಕಿಗೆ ಹೋಗುತ್ತಾಳೆ. ಅತ್ತಕಡೆ ಕಪ್ಪು ಮಣ್ಣು. ಸಂಜೆ ಅವಳ ಸೀರೆಯ ಅಂಚಿನಲ್ಲಿ ಅದೂ ಬರುತ್ತದೆ. ಹೀಗಾಗಿ ನಮ್ಮ ಮನೆಯಲ್ಲಿ ಎರಡು ಬಣ್ಣದ ಧೂಳು.

ನಾವು ಇಲ್ಲಿಗೆ ಬಂದದ್ದು ಅವಳ ನೌಕರಿಯ ಬೆನ್ನು ಹಿಡಿದು. ಅವಳಿಗೆ ಭಾಲ್ಕಿಯ ಬ್ಯಾಂಕಿಗೆ ವರ್ಗವಾಯಿತು. ಅದೇ ಹೊತ್ತಿಗೆ ಊರಿನಲ್ಲಿ ನಾನು ಕರಡು ತಿದ್ದುತ್ತಿದ್ದ ಮುದ್ರಣಾಲಯ ಮುಚ್ಚಿತು. ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ದೊಡ್ಡ ಆಸ್ಪತ್ರೆ ಹತ್ತಿರವಿರಲಿ ಎಂದು ಬೀದರಿನ ಅಂಚಿನ ನೌಬಾದಿನಲ್ಲಿ ಬಾಡಿಗೆಗೆ ಮನೆ ಹಿಡಿದೆವು. ಅವಳು ದುಡಿಯುವುದು, ನಾನು ಅಡುಗೆ, ಬಟ್ಟೆ, ಕಸ ನೋಡಿಕೊಳ್ಳುವುದು ಎಂದು ನಮ್ಮಿಬ್ಬರ ನಡುವೆ ಮಾತಾಗಿತ್ತು. ಮಾತಾಡುವಾಗ ಅದು ಸಲೀಸಾಗಿಯೇ ಇತ್ತು.

ಮನೆಯ ಒಡತಿ ಶಾಂತಾಬಾಯಿ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಔರಾದ ತಾಲೂಕಿನ ಡಾಬಕಾದವರು. ಇಲ್ಲಿ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ಓಣಿಗೆಲ್ಲ ಅವರು ಅಕ್ಕೋರೇ. ಮೇಲಿನ ಮಹಡಿಯಲ್ಲಿ ಒಬ್ಬರೇ ಇರುತ್ತಾರೆ, ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಪುಸ್ತಕದ ರಾಶಿ. ನನ್ನ ಕೆಲಸವೇನೆಂದು ಮೊದಲ ದಿನವೇ ಕೇಳಿದರು. ಮನೆಯಿಂದಲೇ ಕಂಪ್ಯೂಟರಿನಲ್ಲಿ ಕೆಲಸ ಎಂದೆ. ಮನೆಯಲ್ಲಿ ಕಂಪ್ಯೂಟರು ಇತ್ತು. ಕೆಲಸ ಇರಲಿಲ್ಲ.

ಒಮ್ಮೆ ಹಾಗೆ ಹೇಳಿದ ಮೇಲೆ ಗಂಡಸು ಕಸಬರಗಿ ಹಿಡಿದು ಅಂಗಳಕ್ಕೆ ಬರುವುದು ಹೇಗೆ? ಕಸಬರಗಿ ಎಂದರೆ ನಮ್ಮ ಹಿಡಿಸೂಡಿ. ಸುಮನಾ ಬಸ್ಸು ಹತ್ತಿದ ಮೇಲೆ ಮುಂಬಾಗಿಲು ಹಾಕಿ, ಕಿಟಕಿ ಮುಚ್ಚಿ, ಪರದೆ ಎಳೆದು ಗುಡಿಸುತ್ತಿದ್ದೆ. ಧೂಳು ಎದ್ದು, ಪರದೆಯ ಸಂದಿಯಿಂದ ಬಂದ ಬಿಸಿಲಿನಲ್ಲಿ ತೇಲಿ, ನಾನು ಅಡುಗೆಮನೆಗೆ ಹೋಗುತ್ತಲೇ ಮತ್ತೆ ಅಲ್ಲೇ ಕೂರುತ್ತಿತ್ತು. ಹಾಸಿಗೆಯನ್ನು ಬಿಸಿಲಿಗೆ ಹಾಕಲಿಲ್ಲ. ಹಾಕಬೇಕಾದರೆ ಅಂಗಳಕ್ಕೇ ತರಬೇಕಿತ್ತು.

ಏಪ್ರಿಲಿನಲ್ಲಿ ಗಾಳಿ ಎದ್ದಿತು. ಸುಮನಾಳ ಎದೆ ಸಿಳ್ಳೆ ಹಾಕತೊಡಗಿತು. ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಅವಳ ಬೆನ್ನಿಗೆ ಕೊಳವೆಯಿಟ್ಟು ಕೇಳಿದರು, ಔಷಧ ಬರೆದರು, ಆಮೇಲೆ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದರು.

"ಮನಿ ಕಸ ಯಾರ್ ಹೊಡಿತಾರ್ರಿ?"

ನಾನು ಬಾಯಿ ತೆರೆದೆ. ಬಾಗಿಲ ಬಳಿ ಸರದಿಗೆ ಕಾಯುತ್ತ ಮೂವರು ಗಂಡಸರು ನಿಂತಿದ್ದರು.

"ನಾನೇ," ಎಂದಳು ಸುಮನಾ.

ಡಾಕ್ಟರು ಅವಳನ್ನೇ ಗದರಿಸಿದರು. ಒಣ ಕಸ ಹೊಡೆಯುವುದನ್ನು ಬಿಡಬೇಕು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಗಾಳಿ ಇಲ್ಲದ ಹೊತ್ತಿನಲ್ಲಷ್ಟೇ ಕಿಟಕಿ ತೆರೆಯಬೇಕು, ಹಾಸಿಗೆ ದಿಂಬು ಬಿಸಿಲು ಕಾಣಬೇಕು. ಇಷ್ಟು ಉಬ್ಬಸ ಇಟ್ಟುಕೊಂಡು ಕಸಬರಗಿ ಮುಟ್ಟುವುದೇ ತಪ್ಪು. ಅವಳು ತಲೆ ತಗ್ಗಿಸಿ ಎಲ್ಲಕ್ಕೂ ಹೂಂಗುಟ್ಟಿದಳು. ಕೊನೆಗೆ ಅವರು ನನ್ನ ಕಡೆ ತಿರುಗಿ ಮೆತ್ತಗೆ, "ಸರ್, ನೀವೂ ಸ್ವಲ್ಪ ಕೈ ಹಚ್ಚರಿ," ಎಂದರು.

ಆಟೋದಲ್ಲಿ ಬರುವಾಗ ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. "ನಿಮ್ಮ್ ಮುಖ ಕಂಡೆ. ಮತ್ತೆಂತ ಹೇಳುದ್?" ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಷ್ಟಾದರೂ ನಾನು ತಿದ್ದಿಕೊಂಡದ್ದು ಅರ್ಧ ಮಾತ್ರ. ಫರಸಿಯನ್ನು, ಅಂದರೆ ನೆಲದ ಹಾಸುಗಲ್ಲನ್ನು, ಒದ್ದೆ ಬಟ್ಟೆಯಿಂದ ಒರೆಸಲು ಶುರುಮಾಡಿದೆ. ಆದರೆ ಬಾಗಿಲು ಮುಚ್ಚಿಯೇ. ಹಾಸಿಗೆ ಅಲ್ಲೇ ಉಳಿಯಿತು.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಸುಮನಾ ಮಂಚದ ಮೇಲೆ ಒರಗಿದ್ದಳು. ನಾನು ಅಟ್ಟದಿಂದ ಒಂದು ಪೆಟ್ಟಿಗೆ ಎಳೆದೆ. ಅದರ ಮೇಲಿನ ಧೂಳೆಲ್ಲ ಕೋಣೆಯಲ್ಲಿ ಹರಡಿತು. ಅವಳು ಕೆಮ್ಮಿದಳು, ಎದ್ದು ಕೂತಳು, ಆಮೇಲೆ ಕೆಮ್ಮಲೂ ಉಸಿರು ಸಾಲಲಿಲ್ಲ. ಉಬ್ಬಸದ ಪಂಪು ಎಳೆದರೂ ಇಳಿಯಲಿಲ್ಲ. ತುಟಿ ಬಣ್ಣಗೆಟ್ಟಿತು. ನಾನು ಬಾಗಿಲು ತೆಗೆದು ಅಕ್ಕೋರನ್ನು ಕೂಗಿದೆ. ಅವರು ಬರಿಗಾಲಲ್ಲಿ ಇಳಿದು ಬಂದು ಅವಳನ್ನು ಕಟ್ಟೆಯ ಮೇಲೆ ಕೂರಿಸಿ ಬೆನ್ನಿಗೆ ಕೈಕೊಟ್ಟರು, ನಾನು ಆಟೋ ತಂದೆ. ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ಔಷಧದ ಹೊಗೆ ಕೊಟ್ಟರು. ಸಂಜೆಯ ಹೊತ್ತಿಗೆ ಉಸಿರು ಹಿಡಿತಕ್ಕೆ ಬಂತು, ಅವಳಿಗೆ ನಿದ್ದೆ ಹತ್ತಿತು.

ಹೊರಗಿನ ಬೆಂಚಿನ ಮೇಲೆ ಅಕ್ಕೋರು ಕೂತಿದ್ದರು. ಅವರೇ ಮಾತು ತೆಗೆದರು.

"ತಪ್ಪ ತಿಳಕೋಬ್ಯಾಡ್ರಿ ತಮ್ಮಾ. ಬಾಗಲಾ ಹಾಕ್ಕೊಂಡು ಕಸ ಹೊಡದ್ರ ಧೂಳ ಎಲ್ಲಿ ಹೋಗಬೇಕ್ರಿ? ಆಕಿ ಎದ್ಯಾಗೇ ಹೋಗ್ತದ."

ನಿಮಗೆ ಗೊತ್ತಿತ್ತೇ ಎಂದು ಕೇಳಿದೆ.

"ಮೊದಲ ದಿನದಿಂದ ಗೊತ್ತದ. ಸಪ್ಪಳ ಮ್ಯಾಲ ಕೇಳ್ತದಲ್ರಿ. ಓಣಿಗೆಲ್ಲಾ ಗೊತ್ತದ. ಯಾರೂ ಏನೂ ಅಂದಿಲ್ಲ. ನೀವೇ ಮುಚ್ಚಿಟ್ಟುಕೊಂಡು ಕುಂತೀರಿ."

ಇಡೀ ಓಣಿಗೆ ಗೊತ್ತಿದ್ದದ್ದನ್ನು ಮುಚ್ಚಿಡಲು ನಾನು ಹೆಂಡತಿಯ ಉಸಿರು ಕಟ್ಟಿಸಿದ್ದೆ. ಗೋಡೆಯ ಕಡೆ ಮುಖ ಮಾಡಿ ನಿಂತೆ. ಅವರು ಎದ್ದು ಚಹಾ ತರಲು ಹೋದರು. ನನ್ನನ್ನು ಒಬ್ಬನೇ ಬಿಡಲೆಂದೇ ಹೋದರೆಂದು ಈಗ ಅನ್ನಿಸುತ್ತದೆ.

ಮರುದಿನ ಬೆಳಿಗ್ಗೆ, ಸುಮನಾ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ, ಹಾಸಿಗೆಯನ್ನು ಹೊತ್ತು ಅಂಗಳಕ್ಕೆ ತಂದು ಕಾಂಪೌಂಡಿನ ಮೇಲೆ ಹಾಕಿ ಕೋಲಿನಿಂದ ಬಡಿದೆ. ಕೆಂಪು ಮೋಡ ಎದ್ದಿತು. ಎದುರು ಮನೆಯ ಟೈಲರ್ ರಹೀಮ್ ಭಾಯಿ ಅಂಗಡಿಗೆ ಹೊರಟವರು ಸೈಕಲ್ ನಿಲ್ಲಿಸಿದರು. ನನ್ನ ಕಿವಿ ಬಿಸಿಯಾಯಿತು.

"ಮೂಗಿಗಿ ದಸ್ತಿ ಕಟ್ಕೋರಿ ಭಾಯಿ," ಎಂದು ಹೇಳಿ ಹೋದರು. ದಸ್ತಿ ಎಂದರೆ ಕರವಸ್ತ್ರ. ಅಷ್ಟೇ.

ಪರದೆಗಳನ್ನು ಕಿತ್ತು ಒಗೆದೆ, ಅಟ್ಟವನ್ನು ಖಾಲಿ ಮಾಡಿದೆ. ಈಗ ನಮ್ಮ ದಿನ ಹೀಗೆ: ಹೊತ್ತು ಮೂಡುವ ಮುಂಚೆ ಕಿಟಕಿ ತೆರೆಯುತ್ತೇನೆ, ಗಾಳಿ ಏಳುವ ಮೊದಲು ಮುಚ್ಚುತ್ತೇನೆ. ಪಡುವಣ ಕಿಟಕಿಗೆ ಒದ್ದೆ ಗೋಣಿ ಇಳಿಬಿಡುತ್ತೇನೆ. ಬಾಗಿಲ ಆಚೆಗೊಂದು ಕಾಲೊರಸು, ಈಚೆಗೊಂದು. ಊರಿನಲ್ಲಿದ್ದಂತೆ ನೀರು ಚೆಲ್ಲಿ ತೊಳೆಯುವ ಸುಖ ಇಲ್ಲಿಲ್ಲ. ಬಟ್ಟೆ ಹಿಂಡಿದ ನೀರೂ ಗಿಡಕ್ಕೇ ಹೋಗಬೇಕು. ಧೂಳು ಹೋಯಿತು ಎಂದಲ್ಲ. ಇಲ್ಲಿ ಅದು ಹೋಗುವುದಿಲ್ಲ, ಕಡಿಮೆಯಾಗುತ್ತದೆ. ಸುಮನಾ ಬೆಳಗಿನವರೆಗೆ ಎಚ್ಚರಾಗದೆ ಮಲಗುತ್ತಾಳೆ.

ಮಳೆ ಬಿದ್ದ ಮೇಲೆ ಅಕ್ಕೋರು ನಮ್ಮನ್ನು ಡಾಬಕಾದ ತಮ್ಮನ ಮನೆಗೆ ಊಟಕ್ಕೆ ಕರೆದೊಯ್ದರು. ಹೊಲದ ತುಂಬ ಮೊಣಕಾಲೆತ್ತರದ ತೊಗರಿ. ಊಟಕ್ಕೆ ಕೂತಾಗ ಮೊದಲು ಸುಮನಾಳನ್ನು, ಆಮೇಲೆ ನನ್ನನ್ನು ತೋರಿಸಿ ತಮ್ಮನಿಗೆ ಪರಿಚಯ ಹೇಳಿದರು: "ಇವರು ಬ್ಯಾಂಕಿನಾಗ ಅದಾರ. ಇವರು ಮನಿ ನೋಡ್ಕೋತಾರ." ನಾನು ತಟ್ಟೆ ನೋಡಿದೆ. ತಮ್ಮ ಇನ್ನೊಂದು ರೊಟ್ಟಿ ಹಾಕಿ, ನಿಮ್ಮ ಕಡೆ ಸಮುದ್ರ ಮನೆಯಿಂದ ಎಷ್ಟು ದೂರ ಎಂದು ಕೇಳಿದರು.

ಅದರ ಮುಂದಿನ ತಿಂಗಳು ಊರಿಗೆ ಬಂದಿದ್ದೆವು, ತಂಗಿಯ ಮಗುವಿಗೆ ಹೆಸರಿಡಲು. ನಿಮ್ಮಲ್ಲಿ ಕೆಲವರು ಅಲ್ಲಿದ್ದಿರಿ. ಹೊರಗೆ ಮಳೆ, ಚಾವಡಿಯಲ್ಲಿ ಹೂವು, ಎಲೆ, ಕಾಗದದ ಚೂರು. ಬೆಳಿಗ್ಗೆ ಬೇಗ ಎದ್ದವನು, ಕೈಗೆ ಅಭ್ಯಾಸವಾಗಿತ್ತಲ್ಲ, ಗುಡಿಸತೊಡಗಿದೆ. ಅಮ್ಮ ಒಳಗಿನಿಂದ ಬಂದು ನೋಡಿ ಹತ್ತಿರ ಸರಿದು ತಗ್ಗಿದ ದನಿಯಲ್ಲಿ, "ಅದನ್ನ್ ಅಲ್ಲಿಡ್ ಮಗಾ. ಯಾರಾರೂ ಕಂಡ್ರೆ ಎಂತ ಹೇಳುದ್?" ಎಂದರು.

ನಾನು ಇಟ್ಟುಬಿಟ್ಟೆ. ಚಿಕ್ಕ ಹುಡುಗನಂತೆ. ಹಿಡಿಸೂಡಿ ಎತ್ತಿಕೊಂಡು ಉಳಿದರ್ಧ ಗುಡಿಸಿದವಳು ಸುಮನಾ. ನಾನು ಕುರ್ಚಿಯ ಮೇಲೆ ಕೂತು ಅದನ್ನು ನೋಡಿದೆ.

ನೌಬಾದಿನಲ್ಲಿ ನಾನು ಹೊರಗಿನವನು. ನನ್ನ ಮಾತಿಗೆ ಇಲ್ಲಿಯ ಮಕ್ಕಳು ಇನ್ನೂ ನಗುತ್ತಾರೆ. ನಾನು ಯಾರೆಂಬುದು ಮಾತ್ರ ಇಲ್ಲಿ ಎಲ್ಲರಿಗೂ ಗೊತ್ತು. ನಿಮ್ಮ ಮಾತು ನನ್ನದು, ನಿಮ್ಮ ಮಳೆ ನನ್ನದು, ಬಂದಾಗಲೆಲ್ಲ ನೀವು ಕುರ್ಚಿ ಎಳೆದು ಕೂರಿಸುತ್ತೀರಿ. ಆ ಕುರ್ಚಿಯಿಂದ ಏಳಲು ನನಗಿನ್ನೂ ಆಗಿಲ್ಲ.