ಖಾಲಿ ಕಳಿಸಬಾರದ ಬುತ್ತಿಬಟ್ಟೆ

ಏನನ್ನೂ ಪೋಲು ಮಾಡದೆ ಬದುಕುವುದು ಹೇಗೆ ಎಂದು ಈಗಿನವರು ಭಾಷಣ ಏರ್ಪಡಿಸಿ ಹೇಳಿಸುತ್ತಾರೆ. ನನ್ನನ್ನೂ ಒಮ್ಮೆ ಕರೆದಿದ್ದರು. ಪೋಲು ಮಾಡಲು ಏನಾದರೂ ಇದ್ದರಲ್ಲವೇ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಹಾರ ಹಾಕಿದವರ ಮುಖ ನೋಡಿ ನುಂಗಿಕೊಂಡೆ.

ನಾನು ಓದಲು ಹೋದ ಪರದೇಶವೆಂದರೆ ರಾಯಚೂರು. ನಗಬೇಡಿ. ಎಪ್ಪತ್ತರ ದಶಕದ ಕೊನೆಯಲ್ಲಿ ದೇವದುರ್ಗದ ನಮ್ಮ ಓಣಿಯಿಂದ ಹೆಣ್ಣುಮಗಳೊಬ್ಬಳು ಕಾಲೇಜಿಗೆಂದು ಬಸ್ಸು ಹತ್ತಿದ್ದು ಅದೇ ಮೊದಲು. ಅಪ್ಪ ತೀರಿಕೊಂಡಿದ್ದ. ಅವ್ವ ಹೊಲದ ಕೂಲಿಗೆ ಹೋಗಿ ನನ್ನನ್ನೂ ಇಬ್ಬರು ತಮ್ಮಂದಿರನ್ನೂ ಸಾಕುತ್ತಿದ್ದಳು. ಮನೆಯಲ್ಲಿ ಕೊನೆಯ ಮಾತು ಮಾತ್ರ ದೊಡ್ಡಪ್ಪನದು. ಅವನು ಒಂದೇ ಕರಾರಿನ ಮೇಲೆ ಒಪ್ಪಿದ್ದ.

"ಹುಡುಗಿ ಉಪಾಸ ಅದಾಳ ಅಂತ ನನ್ನ ಕಿವಿಗೆ ಬಿತ್ತಂದ್ರ ಅವತ್ತ ಹೋಗಿ ಕರಕೊಂಡು ಬರ್ತೀನಿ ನೋಡು. ಹೆಣ್ಣುಮಗಳು ಪರ ಊರಾಗ ಹಸಗೊಂಡು ಕುಂದ್ರೋದು ನಮಗ ಬ್ಯಾಡ."

ಅವನದೂ ಪ್ರೀತಿಯೇ. ಆದರೆ ಆ ಪ್ರೀತಿಗೇ ನಾನು ಹೆದರುತ್ತಿದ್ದೆ.

ಮಾನ್ವಿಯ ಹುಡುಗಿಯೊಬ್ಬಳ ಜೊತೆ ಬಾಡಿಗೆ ಕೋಣೆ ಹಿಡಿದಿದ್ದೆ. ಎಣ್ಣೆ ಗಾಣದಿಂದ ಶೇಂಗಾ ಸಿಪ್ಪೆ ಹೊತ್ತು ತಂದು ಒಲೆ ಹೊತ್ತಿಸುತ್ತಿದ್ದೆವು. ಅದೇ ಬೂದಿಯಲ್ಲಿ ಪಾತ್ರೆ ಬೆಳಗುತ್ತಿದ್ದೆವು. ಅಕ್ಕಿ ತೊಳೆದ ನೀರಿನಲ್ಲಿ ಕೈ ತೊಳೆದು, ಆ ನೀರನ್ನು ಬಾಗಿಲ ಮುಂದಿನ ಕರಿಬೇವಿಗೆ ಸುರಿಯುತ್ತಿದ್ದೆವು. ಅನ್ನದ ಗಂಜಿ ಸೀರೆಗೆ. ಅಕ್ಕಿ ಅವಳದು, ಅವರ ಕಡೆ ಕಾಲುವೆ ನೀರಿತ್ತು. ಕರೆದಾಗ ಒಂದೊಂದು ಸಲ ಉಂಡೆನಾದರೂ ದಿನವೂ ತಾಟು ಹಿಡಿದು ಕೂರಲು ನನಗೆ ಮನಸ್ಸು ಬರಲಿಲ್ಲ. ನನ್ನ ಊಟ ಬಸ್ಸಿನಲ್ಲಿ ಬರುತ್ತಿತ್ತು.

ಪ್ರತಿ ಸೋಮವಾರ ಅವ್ವ ಒಣಗಿಸಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಖಾರ ಕಟ್ಟಿ ಕೊಡುತ್ತಿದ್ದಳು. ದೊಡ್ಡಪ್ಪನ ಸೈಕಲ್ ರಿಪೇರಿ ಅಂಗಡಿ ದೇವದುರ್ಗದ ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಇತ್ತು. ಅವನೇ ಗಂಟನ್ನು ಕಂಡಕ್ಟರ್ ಕೈಗೆ ಕೊಡುತ್ತಿದ್ದ. ರಾಯಚೂರಿನಲ್ಲಿ ನಾನು ಹೊಸ ಗಂಟು ಇಸಿದುಕೊಂಡು ಹಿಂದಿನ ವಾರದ ಬುತ್ತಿಬಟ್ಟೆಯನ್ನು ಅದೇ ಬಸ್ಸಿಗೆ ಹಾಕಬೇಕು. ಅದೂ ಅವನ ಕೈ ದಾಟಿಯೇ ಮನೆಗೆ ಹೋಗುತ್ತಿತ್ತು.

ಬುತ್ತಿ ಬಂದ ಬಟ್ಟೆಯನ್ನು ನಮ್ಮಲ್ಲಿ ಖಾಲಿ ಕಳಿಸುವುದಿಲ್ಲ. ಒಂದು ಚೂರು ಬೆಲ್ಲವೋ ನಾಲ್ಕು ಕಾಳೋ ಇಡಬೇಕು. ಬೆಲ್ಲ ಇರುವಷ್ಟು ದಿನ ಇಟ್ಟೆ. ಒಂದು ಸೋಮವಾರ ನನ್ನ ಡಬ್ಬಿಗಳನ್ನೆಲ್ಲ ತಡಕಿದರೂ ಏನೂ ಸಿಗಲಿಲ್ಲ. ಬೆಳಗ್ಗೆ ತಿನ್ನಲೆಂದು ಉಳಿಸಿಕೊಂಡಿದ್ದ ಒಂದು ರೊಟ್ಟಿಯನ್ನೇ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಆಮೇಲಿನ ವಾರವೂ ಹಾಗೆಯೇ ಮಾಡಿದೆ.

ಅದರ ಮುಂದಿನ ಸೋಮವಾರ ಗಂಟು ಕೈಗೆ ಹಗುರ ಎನಿಸಿತು. ಕಂಡಕ್ಟರ್ ನಕ್ಕು ಹೇಳಿದ, "ನಿಮ್ಮ ದೊಡ್ಡಪ್ಪಾರು ಹೇಳ್ಯಾರ್ರೀ ತಂಗಿ. ರೊಟ್ಟಿ ಹೊಳ್ಳಿ ಬರಾಕತ್ತಾವಂತ, ಅದಕ್ಕ ನಿಮ್ಮವ್ವ ಕಮ್ಮಿ ಕಟ್ಯಾಳಂತ."

ಅಲ್ಲಿಯೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಹೇಳುವುದು ಯಾರಿಗೆ? ಕಂಡಕ್ಟರನಿಗೆ ಹೇಳಿದರೆ ಮೊದಲು ಕೇಳುವವನು ದೊಡ್ಡಪ್ಪ. ಪತ್ರ ಬರೆದರೆ ಅವ್ವನಿಗೆ ಓದಿ ಹೇಳುವವನೂ ಅವನೇ. ರೊಟ್ಟಿ ಇಡುವುದನ್ನು ಒಮ್ಮೆಲೇ ನಿಲ್ಲಿಸಿದರೆ, ಹುಡುಗಿಗೆ ಸಾಲುತ್ತಿಲ್ಲವೇನೋ ಎಂದು ಕೇಳಿಯಾನು. ಇಟ್ಟರೆ ನನಗೇ ಕಡಿಮೆ. ಹಸಿವಿಗಿಂತ ಈ ಲೆಕ್ಕಾಚಾರವೇ ನನ್ನನ್ನು ಹಿಂಡಿತು. ಗುರುವಾರದ ಹೊತ್ತಿಗೆ ರೊಟ್ಟಿ ಮುಗಿಯುತ್ತಿತ್ತು. ಆಮೇಲೆ ಹಿಂಡಿಯನ್ನು ನೀರಿನಲ್ಲಿ ಕಲಸಿ ಕುಡಿದು ತರಗತಿಗೆ ಹೋಗುತ್ತಿದ್ದೆ. ಸೋಮವಾರಕ್ಕೆಂದು ಎತ್ತಿಟ್ಟ ಆ ಒಂದು ರೊಟ್ಟಿ ಮಾತ್ರ ಗೂಡಿನಲ್ಲಿ ನನ್ನನ್ನೇ ನೋಡುತ್ತಾ ಇರುತ್ತಿತ್ತು.

ದಸರೆ ರಜೆಗೆ ಊರಿಗೆ ಹೊರಟಾಗ ಅವ್ವನ ಕಿವಿಯಲ್ಲಿ ಎಲ್ಲವನ್ನೂ ಹೇಳಿಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು. ಅಷ್ಟು ಖುಷಿಯಾಗಿ ಮಾತಾಡಿದ್ದನ್ನು ಅಪ್ಪ ಹೋದ ಮೇಲೆ ನಾನು ಕಂಡಿರಲಿಲ್ಲ.

"ನೀ ಕಳಿಸೋ ರೊಟ್ಟಿ ಎಲ್ಲಾರಿಗೂ ತೋರಿಸ್ತೀನಿ ನೋಡು. ನನ್ನ ಮಗಳು ಉಂಡು ಮಿಗಿಸ್ತಾಳ ಅಂತ. ನಿಮ್ಮ ದೊಡ್ಡಪ್ಪ ಈಗ ಪಿಟ್ ಅನ್ನಂಗಿಲ್ಲ. ಆಮ್ಯಾಲ ಅದನ್ನ ನಾನ ತಿಂತೀನಿ. ಅವತ್ತು ನಂಗ ಬ್ಯಾರೆ ಏನೂ ಬೇಕಾಗಂಗಿಲ್ಲ."

ಬೇರೆ ಏನೂ ಬೇಕಾಗುವುದಿಲ್ಲವೋ, ಬೇರೆ ಏನೂ ಇರುವುದಿಲ್ಲವೋ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವಳ ಕುಪ್ಪಸದ ತೋಳು ಸಡಿಲಾಗಿ ಜೋತಾಡುತ್ತಿತ್ತು.

ರಜೆ ಮುಗಿದು ಹೊರಡುವ ಬೆಳಗ್ಗೆ ಅವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಜೋಡಿಸುತ್ತಿದ್ದಳು. ನನ್ನನ್ನು ಬಸ್ಸು ಹತ್ತಿಸಲು ಬಂದ ದೊಡ್ಡಪ್ಪ ಹೊಸ್ತಿಲ ಮೇಲೆ ನಿಂತಿದ್ದ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಯಾಕ ಸೊರಗಿದಂಗ ಕಾಣ್ತಿ? ಖರೇ ಹೇಳು, ಬುತ್ತಿ ಸಾಕಾಗತದ ಇಲ್ಲ?"

ಅವ್ವನ ಕೈ ನಿಂತಿತು. ಅವಳು ನನ್ನ ಮುಖವನ್ನೇ ನೋಡಿದಳು.

"ಮಿಗತದ ದೊಡ್ಡಪ್ಪ," ಎಂದೆ. "ಓದೋದು ಬಾಳ ಅದ, ಅದಕ್ಕ."

"ನಾ ಹೇಳಿಲ್ಲೇನು?" ಎಂದು ಅವ್ವ ನಕ್ಕಳು. ಮೇಲಿನ ಎರಡು ರೊಟ್ಟಿ ತೆಗೆದು ತಮ್ಮಂದಿರ ಬುಟ್ಟಿಗೆ ಹಾಕಿ, ಉಳಿದದ್ದನ್ನು ಗಂಟು ಕಟ್ಟಿ ನನ್ನ ಕೈಗೆ ಕೊಟ್ಟಳು.